ತ್ಯಾಜ್ಯ ಬರುವುದಕ್ಕೆ ಮುಂಚಿನ ಅಳತೆ

ಪರಮಾಣು ತ್ಯಾಜ್ಯದ ಉಗ್ರಾಣವೊಂದು ತಮ್ಮ ಸೀಮೆಗೆ ಬರಲಿದೆಯೆಂದು ತಿಳಿದೊಡನೆ ಗ್ರಾಮಸ್ಥರು ಅಪಾಯದ ಗಂಟೆ, ಊರು ತೆರವು ಮಾಡುವ ದಾರಿ, ಆಸ್ಪತ್ರೆ ಇವುಗಳನ್ನು ಕುರಿತು ವಿಚಾರಿಸುವುದು ಸಹಜ. ಇವೆಲ್ಲವೂ ಬೇಕಾದವೇ. ಆದರೆ ಇವಕ್ಕಿಂತ ಮೊದಲು ಆಗಬೇಕಾದ ಕಾರ್ಯವೊಂದುಂಟು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಕಾರ್ಲ್ಸ್‌ಬಾಡ್ ಪಟ್ಟಣದ ನಿದರ್ಶನದಿಂದ ಅದನ್ನು ವಿವರಿಸಲೆಳಸುತ್ತೇವೆ.

ಆ ಪಟ್ಟಣಕ್ಕೆ ಪೂರ್ವದಲ್ಲಿ, ಸುಮಾರು 42 ಕಿಲೋಮೀಟರ್ ದೂರದಲ್ಲಿ, ನೆಲದಿಂದ 655 ಮೀಟರ್ ಆಳದ ಉಪ್ಪಿನ ಸ್ತರವೊಂದರಲ್ಲಿ, ಅಣ್ವಸ್ತ್ರ ತಯಾರಿಕೆಯಿಂದುಳಿದ ಪ್ಲುಟೋನಿಯಂಯುಕ್ತ ತ್ಯಾಜ್ಯವನ್ನು 1999ರ ಮಾರ್ಚ್ ತಿಂಗಳಿನಿಂದ ಇಡತೊಡಗಿದರು. ಇದಕ್ಕೆ ಎರಡು ವರ್ಷ ಮುಂಚೆಯೇ, 1997ರಲ್ಲಿ, ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾನಿಲಯದ ಪರಿವೀಕ್ಷಣ ಕೇಂದ್ರವು ಸುತ್ತಲಿನ ನಿವಾಸಿಗಳಲ್ಲಿ ತಾವಾಗಿ ಒಪ್ಪಿ ಬಂದವರನ್ನು ಯಂತ್ರದ ಕೆಳಗೆ ಮಲಗಿಸಿ, ಅವರ ದೇಹದೊಳಗಿನ ವಿಕಿರಣವನ್ನು ಅಳೆಯಲಾರಂಭಿಸಿತು. ಗಾಳಿ, ಮಣ್ಣುಗಳ ಪರೀಕ್ಷೆಯೂ ನಡೆಯಿತು.

ಏನೂ ಬಾರದಿರುವಾಗ ಅಳೆಯುವುದೇತಕ್ಕೆಂದು ಕೇಳಬಹುದು. ಏನೂ ಇರಲಿಲ್ಲವೆಂಬ ಭಾವನೆಯೇ ತಪ್ಪು. ವಾಯುಮಂಡಲದಲ್ಲಿ ನಡೆದ ಬಾಂಬು ಪರೀಕ್ಷೆಗಳ ಧೂಳು ಲೋಕದ ಎಲ್ಲೆಡೆಯ ಮಣ್ಣಿನಲ್ಲಿಯೂ ಸೇರಿದೆ. ಮೇಲಾಗಿ, ಈ ಉಗ್ರಾಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ 1961ರ ಡಿಸೆಂಬರ್ 10ರಂದು ‘ನೋಮ್’ ಎಂಬ ಭೂಗರ್ಭ ಸ್ಫೋಟವು ನಡೆದು ವಿಕಿರಣಯುಕ್ತ ಹಬೆ ಹೊರಚಿಮ್ಮಿತ್ತು. ಹಳೆಯದರ ಲೆಕ್ಕವಿಲ್ಲದಿದ್ದರೆ ಹೊಸದನ್ನು ಗುರುತಿಸುವ ಬಗೆಯೇ ಇಲ್ಲ. ಆಗ ರೈತನ ದೂರನ್ನು ಸ್ಥಾಪಿಸುವುದೂ ಅವನ ಭೀತಿಯನ್ನು ನೀಗುವುದೂ ಒಂದೇ ಸಮನಾಗಿ ಅಸಾಧ್ಯ.

ಪರೀಕ್ಷೆಯ ಕಾಲ ಒದಗಿದ್ದು 2014ರ ಫೆಬ್ರವರಿ 14ರ ರಾತ್ರಿ. ಭೂಮಿಯ ಆಳದಲ್ಲಿದ್ದ ಪೀಪಾಯಿಯೊಂದು ಒಳಗಿನಿಂದಲೇ ಕಾದು ಒಡೆಯಿತು. ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಅದನ್ನು ತುಂಬುವಾಗ ನೈಟ್ರೇಟ್ ಲವಣಗಳೊಡನೆ, ತೇವ ಹೀರಲೆಂದು, ಸಾಕುಬೆಕ್ಕುಗಳ ಮಲಪಾತ್ರೆಗೆ ಹಾಕುವ ಗೋಧಿಯ ಹರಳನ್ನು ಬೆರೆಸಿದ್ದರು! ಜೇಡಿಯ ಹರಳಾಗಿದ್ದರೆ ಈ ರಾಸಾಯನಿಕ ಕ್ರಿಯೆ ನಡೆಯುತ್ತಿರಲಿಲ್ಲ. ಗಾಳಿಯನ್ನು ಶೋಧಕಗಳತ್ತ ತಿರುಗಿಸುವ ಏರ್ಪಾಡು ಕೆಲಸ ಮಾಡಿತಾದರೂ ಕವಾಟಗಳ ಸಂದಿನಿಂದ ಅಲ್ಪಾಂಶವು ಹೊರಬಿದ್ದಿತು. ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಅದರ ಲೇಶ ಕಂಡುಬಂದಿತು. ಸುಮಾರು ಒಂದು ಕಿಲೋಮೀಟರ್ ದೂರದ ಶೋಧಕದಲ್ಲಿ ಅಮೆರಿಸಿಯಂ ಮತ್ತು ಪ್ಲುಟೋನಿಯಂ ಸಿಕ್ಕಿರುವುದನ್ನು ವಿಶ್ವವಿದ್ಯಾನಿಲಯದ ಕೇಂದ್ರವು ಫೆಬ್ರವರಿ 19ರಂದು ಪ್ರಕಟಿಸಿತು. ನಿವಾಸಿಗಳನ್ನು ಪುನಃ ಅಳೆದಾಗ ಅವರ ದೇಹದಲ್ಲಿ ಈ ಸೋರಿಕೆಯ ಕುರುಹು ಕಾಣಲಿಲ್ಲ. ಹಾಗೆ ಹೇಳಲು ಆಧಾರವಾದುದು ಮುಂಚಿನ ಅಂಕಿಗಳು.

ಈ ಏರ್ಪಾಡು ನಿರ್ದುಷ್ಟವೆಂದು ನಮ್ಮ ಅಭಿಪ್ರಾಯವಲ್ಲ. ಕೇಂದ್ರದ ವೆಚ್ಚಕ್ಕೆ ಹಣ ಕೊಡುವುದು ಉಗ್ರಾಣದ ಒಡೆತನವುಳ್ಳ ಇಂಧನ ಇಲಾಖೆಯೇ. ಸೋರಿಕೆಗೂ ಪ್ರಕಟಣೆಗೂ ನಡುವೆ ಕಳೆದ ಐದು ದಿನಗಳು, ಗಾಳಿ ಬೀಸುವ ದಿಕ್ಕಿನಲ್ಲಿ ದನ ಮೇಯಿಸುವವನಿಗೆ ದೀರ್ಘವೇ ಸರಿ.