ಕಾಟರಿ ಮಷೀನ್ ಯಾಕೆ ಕಾಯ್ತದೆ?

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಸೋದರತ್ತೆಗೆ ಹರ್ನಿಯಾ ಆಪರೇಷನ್ ಇತ್ತು. ಅವತ್ತಿನ ಪಟ್ಟಿಯಲ್ಲಿ ಮೂವರು, ಅತ್ತೆಯೇ ಕೊನೆಯವರು. ಎರಡು ಮುಗಿದ ಮೇಲೆ ಸಿಸ್ಟರ್ ಹೊರಗೆ ಬಂದು, "ಕಾಟರಿ ಮಷೀನ್ ಬಂದ್ ಆಗ್ಯಾದ್ರಿ, ಇವತ್ತ ಆಗಂಗಿಲ್ಲ" ಅಂದರು. ಹಿಂದಿನ ರಾತ್ರಿಯಿಂದ ಉಪವಾಸ ಇದ್ದ ಅತ್ತೆ ಹಾಗೇ ಮನೆಗೆ ವಾಪಸ್ ಬಂದರು. ಮಷೀನ್ ಬಿಚ್ಚಿ ನೋಡಿದಾಗ ಫ್ಯಾನ್ ತುಂಬ ಧೂಳು, ಅದಕ್ಕೇ ಒಳಗೆ ಕಾದು ಟ್ರಿಪ್ ಆಗಿತ್ತಂತೆ. ನಾಲ್ಕು ದಿನ ಬಿಟ್ಟು ಆಪರೇಷನ್ ಆಯ್ತು, ಈಗ ಅತ್ತೆ ಆರಾಮ ಇದ್ದಾರೆ. ಆದರೆ ಅವರು ನನಗೊಂದು ಪ್ರಶ್ನೆ ಕೇಳಿದರು: "ನೀ ಇಂಜಿನಿಯರಿಂಗ್ ಓದ್ಲಾಕತ್ತೀಯಲ್ಲ, ಆ ಮಷೀನ್ ಯಾಕ ಕಾಯ್ತು ಹೇಳ್ ನೋಡೂಣು?"

ಇಂಗ್ಲಿಷ್ ಮೀಡಿಯಮ್‌ನಲ್ಲಿ ಕಲಿತ ನನಗೆ ಕನ್ನಡದಲ್ಲಿ ಉತ್ತರ ಬರಲಿಲ್ಲ. ಈ ಲೇಖನ ಆ ಉತ್ತರ.

ಮೊದಲು ಈ ಮಷೀನ್ ಏನು ಮಾಡುತ್ತದೆ ನೋಡೋಣ. ಸರ್ಜನ್ ಕೈಯಲ್ಲಿರುವ ಪೆನ್ನಿನಂಥ ಸಾಧನದ ತುದಿಯಿಂದ ಕರೆಂಟ್ ದೇಹದೊಳಗೆ ಹೋಗಿ, ತೊಡೆಗೋ ಬೆನ್ನಿಗೋ ಅಂಟಿಸಿದ ಅಗಲವಾದ ಪ್ಲೇಟ್ ಮೂಲಕ ವಾಪಸ್ ಬರುತ್ತದೆ. ತುದಿ ಸಣ್ಣದು, ಅಲ್ಲಿ ಕರೆಂಟ್ ಒತ್ತಾಗಿ ಹರಿಯುವುದರಿಂದ ಮಾಂಸಖಂಡ ಕತ್ತರಿಸುತ್ತದೆ ಅಥವಾ ರಕ್ತ ಹೆಪ್ಪುಗಟ್ಟುತ್ತದೆ. ಪ್ಲೇಟ್ ಅಗಲ, ಅಲ್ಲಿ ಬಿಸಿ ಗೊತ್ತೇ ಆಗುವುದಿಲ್ಲ. ಹಾಗಾದರೆ ಶಾಕ್ ಯಾಕೆ ಹೊಡೆಯುವುದಿಲ್ಲ? ಮನೆಯ ಕರೆಂಟ್ 50 ಹರ್ಟ್ಸ್. ಇದು ಸುಮಾರು 300 ರಿಂದ 500 ಕಿಲೋಹರ್ಟ್ಸ್. 100 ಕಿಲೋಹರ್ಟ್ಸ್ ದಾಟಿದ ಮೇಲೆ ನಮ್ಮ ನರಗಳಿಗೆ ಅಷ್ಟು ವೇಗಕ್ಕೆ ಸ್ಪಂದಿಸಲು ಆಗುವುದಿಲ್ಲ. ವಿಲಿಯಂ ಬೋವಿ ತಯಾರಿಸಿದ ಇಂಥ ಮಷೀನನ್ನು ಹಾರ್ವೆ ಕುಶಿಂಗ್ 1926ರ ಅಕ್ಟೋಬರ್ 1ರಂದು ಬಾಸ್ಟನ್‌ನಲ್ಲಿ ಆಪರೇಷನ್‌ಗೆ ಬಳಸಿದರು. ಇವತ್ತಿಗೂ ಎಷ್ಟೋ ಕಡೆ ಇದಕ್ಕೆ 'ಬೋವಿ' ಅಂತಲೇ ಹೆಸರು.

ಈಗ ಅಸಲಿ ವಿಷಯ. 50 ಹರ್ಟ್ಸ್ ಕರೆಂಟನ್ನು ಡಿಸಿ ಮಾಡಿ, ಅದರಿಂದ ಲಕ್ಷಗಟ್ಟಲೆ ಹರ್ಟ್ಸ್‌ನ ಪವರ್ ತಯಾರಿಸುವ ಭಾಗವೇ ಪವರ್ ಆಂಪ್ಲಿಫೈಯರ್. ಬಿಸಿ ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಇಂಡಿ ಕಡೆ ನಿಂಬೆ ತೋಟಕ್ಕೆ ನೀರು ಬಿಡುವುದನ್ನು ನೆನಪಿಸಿಕೊಳ್ಳಿ. ಮೋಟರ್ ಪೂರ್ತಿ ಓಡಿಸಿ ವಾಲ್ವ್ ಅರ್ಧ ತಿರುಗಿಸಿದರೆ ನೀರು ಕಡಿಮೆ ಬರುತ್ತದೆ ನಿಜ, ಆದರೆ ಮೋಟರಿನ ದುಡಿಮೆ ವಾಲ್ವ್‌ನಲ್ಲೇ ಹಾಳಾಗುತ್ತದೆ. ಕ್ಲಾಸ್ ಎ ಆಂಪ್ಲಿಫೈಯರ್ ಹೀಗೆಯೇ. ಅದರ ಟ್ರಾನ್ಸಿಸ್ಟರ್ ಅರ್ಧ ತೆರೆದ ವಾಲ್ವ್. ಅದರ ಮೇಲೆ ವೋಲ್ಟೇಜೂ ಇದೆ, ಒಳಗೆ ಕರೆಂಟೂ ಇದೆ, ಎರಡನ್ನೂ ಗುಣಿಸಿದರೆ ಬರುವುದೇ ಬಿಸಿ. ಹೆಚ್ಚೆಂದರೆ 50% ದಕ್ಷತೆ. ಕ್ಲಾಸ್ ಬಿ ಆದರೆ 78.5% ತನಕ. ಅದೇ ಟ್ರಾನ್ಸಿಸ್ಟರನ್ನು ಸ್ವಿಚ್ ತರಹ ಬಳಸಿದರೆ? ಆನ್ ಇದ್ದಾಗ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ, ಆಫ್ ಇದ್ದಾಗ ಕರೆಂಟ್ ಸೊನ್ನೆ. ಗುಣಾಕಾರವೂ ಸೊನ್ನೆ! ಇದು ಕ್ಲಾಸ್ ಡಿ. ಲೆಕ್ಕದಲ್ಲಿ 100%, ನಿಜದಲ್ಲಿ 90% ಅಂತ ಇಟ್ಟುಕೊಳ್ಳೋಣ.

ಸರ್ಜನ್‌ಗೆ 100 ವ್ಯಾಟ್ ಬೇಕು. 50% ಆದರೆ 200 ವ್ಯಾಟ್ ಎಳೆದು 100 ವ್ಯಾಟ್ ಬಿಸಿ. 90% ಆದರೆ 111 ವ್ಯಾಟ್ ಎಳೆದು 11 ವ್ಯಾಟ್ ಬಿಸಿ. ಉಳಿತಾಯ 89 ವ್ಯಾಟ್. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ಘಟಕಗಳಿವೆ, ಈ 89 ವ್ಯಾಟ್ ಯಾವ ಲೆಕ್ಕ ಅಂತ ನೀವು ಕೇಳಬಹುದು. ಬಿಲ್ಲಿನ ಲೆಕ್ಕದಲ್ಲಿ ನಿಜವಾಗಿಯೂ ಏನೂ ಅಲ್ಲ. ಬಿಸಿಯ ಲೆಕ್ಕ ಬೇರೆ.

ಹೀಟ್‌ಸಿಂಕ್ ಪ್ರತಿ ವ್ಯಾಟ್‌ಗೆ ಅರ್ಧ ಡಿಗ್ರಿ ಏರುತ್ತದೆ ಅನ್ನೋಣ. 100 ವ್ಯಾಟ್‌ಗೆ 50 ಡಿಗ್ರಿ, 11 ವ್ಯಾಟ್‌ಗೆ ಐದೂವರೆ ಡಿಗ್ರಿ. ಈಗ ನಮ್ಮ ಎರಿ ಮಣ್ಣಿನ ಧೂಳು ಫ್ಯಾನ್‌ಗೆ ಮೆತ್ತಿಕೊಂಡು, ಪ್ರತಿ ವ್ಯಾಟ್‌ಗೆ ಒಂದು ಡಿಗ್ರಿ ಏರತೊಡಗಿತು. ಮೊದಲನೆಯದು 100 ಡಿಗ್ರಿ ಏರಿ ಬಂದ್ ಬೀಳುತ್ತದೆ. ಎರಡನೆಯದು 11 ಡಿಗ್ರಿ ಏರಿ ಆರಾಮಾಗಿ ನಡೆಯುತ್ತದೆ. ಪೆಡಲನ್ನು ಬಿಟ್ಟುಬಿಟ್ಟು ಒತ್ತುವುದರಿಂದ ನಿಜವಾದ ಬಿಸಿ ಇಷ್ಟು ಇರುವುದಿಲ್ಲ, ಆದರೆ ಅನುಪಾತ ಇದೇ. ಇನ್ನೊಂದು ಮಾತು: ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ 10 ಡಿಗ್ರಿ ತಂಪಾಗಿದ್ದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟು.

ಹಾಗಾದರೆ ಎಲ್ಲರೂ ಸ್ವಿಚ್ ಬಳಸಿದರೆ ಆಯ್ತಲ್ಲ? ಅಷ್ಟು ಸುಲಭ ಇಲ್ಲ. ಎರಡು ತೊಂದರೆ ಇವೆ.

ಒಂದು, ಸ್ವಿಚ್ ಆನ್ ಆಗುವ ಕ್ಷಣ. ಮಾಸ್ಫೆಟ್ ಒಳಗೇ ಒಂದು ಸಣ್ಣ ಕೆಪಾಸಿಟನ್ಸ್ ಇರುತ್ತದೆ. 200 ಪಿಕೋಫ್ಯಾರಡ್, 200 ವೋಲ್ಟ್ ಅಂದರೆ ಪ್ರತಿ ಸಲ 4 ಮೈಕ್ರೋಜೂಲ್ ವ್ಯರ್ಥ. ಸೆಕೆಂಡಿಗೆ 5 ಲಕ್ಷ ಸಲ ಆದರೆ ಒಂದೇ ಮಾಸ್ಫೆಟ್‌ನಲ್ಲಿ 2 ವ್ಯಾಟ್ ಹೋಯ್ತು. ಪಂಚಮಿ ಜೋಕಾಲಿ ಜೀಕಿದವರಿಗೆ ಇದರ ಪರಿಹಾರ ಗೊತ್ತು. ಜೋಕಾಲಿ ನಮ್ಮ ಹತ್ತಿರ ಬಂದು ಒಂದು ಕ್ಷಣ ನಿಂತಾಗ ನೂಕಬೇಕು, ಎದುರು ಬರುವಾಗ ನೂಕಿದರೆ ಕೈಗೆ ಪೆಟ್ಟು. ಇಂಡಕ್ಟರ್, ಕೆಪಾಸಿಟರ್ ಸೇರಿಸಿದರೆ ವೋಲ್ಟೇಜೂ ಹೀಗೆ ತೂಗುತ್ತದೆ. ಅದು ಸೊನ್ನೆಗೆ ಬಂದಾಗ ಮಾತ್ರ ಸ್ವಿಚ್ ಆನ್ ಮಾಡಬೇಕು. ನೇಥನ್ ಸೋಕಲ್ ಮತ್ತು ಅಲನ್ ಸೋಕಲ್ 1975ರಲ್ಲಿ ಪ್ರಕಟಿಸಿದ ಕ್ಲಾಸ್ ಇ ಇದನ್ನೇ ಮಾಡುತ್ತದೆ.

ಎರಡು, ದೇಹ ಒಂದೇ ತರಹದ ಲೋಡ್ ಅಲ್ಲ. ಸ್ನಾಯುವಿನ ರೆಸಿಸ್ಟೆನ್ಸ್ ಕಡಿಮೆ, ಕೊಬ್ಬಿನದು ಜಾಸ್ತಿ, ಕತ್ತರಿಸುತ್ತಾ ಒಣಗಿದ ಹಾಗೆ ಇನ್ನೂ ಜಾಸ್ತಿ. ಜೋಕಾಲಿ ತೂಗುವಾಗಲೇ ಯಾರೋ ಹಗ್ಗದ ಉದ್ದ ಬದಲಿಸಿದ ಹಾಗೆ! ಕ್ಲಾಸ್ ಇ ಲೆಕ್ಕವೆಲ್ಲ ಒಂದು ಲೋಡ್‌ಗೆ ಕಟ್ಟಿದ್ದು, ಲೋಡ್ ದೂರ ಸರಿದರೆ ಸಮಯ ತಪ್ಪಿ ಮತ್ತೆ ಬಿಸಿ. ಜೊತೆಗೆ 300 ಓಮ್‌ಗೆ 173 ವೋಲ್ಟ್ ಕೊಟ್ಟರೆ 100 ವ್ಯಾಟ್, ಅದೇ ವೋಲ್ಟೇಜ್‌ಗೆ 1500 ಓಮ್ ಬಂದರೆ ಬರೀ 20 ವ್ಯಾಟ್. ಅಲ್ಲಿ 100 ವ್ಯಾಟ್ ಬೇಕಾದರೆ 387 ವೋಲ್ಟ್ ಕೊಡಬೇಕು.

ಅದಕ್ಕೆ ಕೆಲಸವನ್ನು ಎರಡು ಪಾಲು ಮಾಡುವುದು ಒಳ್ಳೆಯ ದಾರಿ. ಮುಂದೆ ಒಂದು ಬಕ್ ಕನ್ವರ್ಟರ್, ಅದು ಲೋಡ್ ನೋಡಿಕೊಂಡು ಡಿಸಿ ವೋಲ್ಟೇಜ್ ಏರಿಸಿ ಇಳಿಸಿ ಮಾಡುತ್ತದೆ. ಹಿಂದೆ ಕ್ಲಾಸ್ ಡಿ ಬ್ರಿಡ್ಜ್, ಅದಕ್ಕೆ ಆನ್-ಆಫ್ ಬಿಟ್ಟರೆ ಬೇರೆ ಕೆಲಸ ಇಲ್ಲ. ಔಟ್‌ಪುಟ್‌ನ ವೋಲ್ಟೇಜ್, ಕರೆಂಟ್ ಅಳೆದು ಕಂಟ್ರೋಲರ್ ಪವರನ್ನು ಸ್ಥಿರವಾಗಿ ಇಡುತ್ತದೆ. ಇದರಿಂದ ದಕ್ಷತೆ ಮಾತ್ರವಲ್ಲ, ಬೇಡವಾದ ಕಡೆ ಸುಡುವುದೂ ಕಡಿಮೆ. ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಬಳಸಿದರೆ ಕೆಪಾಸಿಟನ್ಸ್ ನಷ್ಟ ಇನ್ನೂ ಇಳಿಯುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ತಾಲ್ಲೂಕು ಆಸ್ಪತ್ರೆ ಇವೆ. ಒಂದು ಮಷೀನ್ ಕೆಟ್ಟರೆ ರೋಗಿ ಕಾಯಬೇಕು, ಇಲ್ಲವೇ ವಿಜಯಪುರದ ಹಾದಿ ಹಿಡಿಯಬೇಕು. ಸಿಂದಗಿಯಿಂದ ಸುಮಾರು 60 ಕಿ.ಮೀ., ಮುದ್ದೇಬಿಹಾಳದಿಂದ ಸುಮಾರು 80. ದೊಡ್ಡ ಊರಲ್ಲಿ ಪಕ್ಕದ ಥಿಯೇಟರ್‌ನಿಂದ ಇನ್ನೊಂದು ಮಷೀನ್ ತರಬಹುದು. ನಮ್ಮಲ್ಲಿ ಇರುವ ಒಂದೇ ತಂಪಾಗಿರಬೇಕು.

ಎಕ್ಸಾಮ್‌ನಲ್ಲಿ 78.5% ಡಿರೈವ್ ಮಾಡಿ ಅಂದಾಗ ನಾನು ಬರೀ ಬಾಯಿಪಾಠ ಮಾಡಿದ್ದೆ. ಉಳಿದ 21.5% ಎಲ್ಲಿ ಹೋಗುತ್ತದೆ ಅಂತ ಯೋಚಿಸಿರಲಿಲ್ಲ. ಅದು ಯಾರದೋ ಆಪರೇಷನ್ ಮುಂದೂಡುವ ತನಕ ಹೋಗಬಹುದು.

ದೀಪಾವಳಿಗೆ ಹೋದಾಗ ಅತ್ತೆಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಂದ್ರ ವಾಲ್ವ್ ಅರ್ಧ ತಿರುವಬಾರದು, ಅಷ್ಟ ಹೌದಿಲ್ಲೋ?" ಅಂದರು.

ಹೌದು ಅತ್ತೆ, ಅಷ್ಟೇ.