ಸೆಕೆಂಡ್ ಹ್ಯಾಂಡ್ ಕಾರಿನ ಮೈಲೇಜ್: ಅಂದಾಜು ಬೇಡ, ಲೆಕ್ಕ ಇರಲಿ

ಅತ್ತೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆಂದು ದೇರಳಕಟ್ಟೆಗೆ ಹೋಗಬೇಕಿತ್ತು. ನಮ್ಮ ಮನೆಯಿರುವುದು ಬಿ.ಸಿ.ರೋಡ್ ಸಮೀಪ. ಪ್ರತಿ ಸಲ ರಿಕ್ಷಾ ಬಾಡಿಗೆ ಕೊಟ್ಟು ಸಾಕಾಗಿತ್ತು. ಗಲ್ಫಿನಲ್ಲಿರುವ ನನ್ನ ಪತಿ ಸ್ವಲ್ಪ ಹಣ ಕಳುಹಿಸಿ, "ಚಿಕ್ಕದೊಂದು ಹಳೆಯ ಕಾರು ತೆಗೆದುಕೊಳ್ಳಿ" ಎಂದರು. ಹಾಗೆ ನಮ್ಮ ಅಂಗಳಕ್ಕೆ ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರೊಂದು ಬಂತು. "ಲೀಟರಿಗೆ ಹದಿನೆಂಟು ಖಂಡಿತ" ಎಂದು ಬ್ರೋಕರ್ ಮಾತು ಕೊಟ್ಟಿದ್ದ. ಕಾರು ಓಡಿಸುವ ಹೊಣೆ ಮೈದುನನದ್ದು, ಮನೆಖರ್ಚಿನ ಲೆಕ್ಕ ನನ್ನದು.

ಮೊದಲ ತಿಂಗಳಲ್ಲೇ ಪೆಟ್ರೋಲಿನ ಖರ್ಚು ನೋಡಿ ನನಗೆ ಗಾಬರಿಯಾಯಿತು. ಒಂದು ದಿನ ಕಾರಿನ ಪೆಟ್ರೋಲ್ ದೀಪ ಹತ್ತಿಕೊಂಡಾಗ ಐನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ, ಮತ್ತೆ ದೀಪ ಹತ್ತುವವರೆಗೆ ಎಷ್ಟು ಓಡುತ್ತದೆಂದು ನೋಡಿದೆ. 55 ಕಿಲೋಮೀಟರ್! ಅಂದರೆ ಲೀಟರಿಗೆ ಬರೀ ಹನ್ನೊಂದು. ಅತ್ತೆ ಏನೂ ಹೇಳಲಿಲ್ಲ. ಆದರೆ ರಾತ್ರಿ ಊಟದ ಹೊತ್ತಿಗೆ, "ಕಾರು ನಮ್ಮ ಕೆಲಸಕ್ಕೆ ಮಾತ್ರ ಹೋಗುವುದಲ್ಲವೇ?" ಎಂದು ಮಗನ ಮುಖ ನೋಡದೆ ಕೇಳಿದರು. ಮೈದುನ ಅರ್ಧಕ್ಕೇ ಕೈ ತೊಳೆದು ಎದ್ದ. ಮರುದಿನ ಬೆಳಿಗ್ಗೆ ಕಾರಿನ ಕೀ ಮೇಜಿನ ಮೇಲಿತ್ತು. "ಅತ್ತಿಗೆ, ಬೇರೆ ಯಾರನ್ನಾದರೂ ಡ್ರೈವರ್ ನೋಡಿಕೊಳ್ಳಿ" ಎಂದುಬಿಟ್ಟ.

ನನ್ನ ಸೋದರಮಾವ ಕೊಲ್ಲಿ ರಾಷ್ಟ್ರದ ಗ್ಯಾರೇಜುಗಳಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಕೊಂಡೆ. ಅವರು ನಕ್ಕು, "ಹುಡುಗ ಕದ್ದು ಸುತ್ತಿದ್ದರೆ ಮೀಟರಿನಲ್ಲಿ ಕಿಲೋಮೀಟರ್ ಹೆಚ್ಚುತ್ತಿತ್ತು, ಮೈಲೇಜ್ ಕಡಿಮೆಯಾಗುತ್ತಿರಲಿಲ್ಲ. ನೀನು ಅಳೆದದ್ದೇ ಸರಿಯಿಲ್ಲ ಮಗಳೇ" ಎಂದರು. ಎಷ್ಟು ಸರಳ ಮಾತು! ನಮಗ್ಯಾರಿಗೂ ಹೊಳೆದಿರಲಿಲ್ಲ. ಅಂದು ಅವರು ಕಲಿಸಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೀಪವನ್ನು ನಂಬಬೇಡಿ

ಪೆಟ್ರೋಲ್ ದೀಪ ಇರುವುದು ಎಚ್ಚರಿಸಲಿಕ್ಕೆ, ಅಳೆಯಲಿಕ್ಕಲ್ಲ. ಟ್ಯಾಂಕಿನೊಳಗೆ ಪೆಟ್ರೋಲ್ ಅಲುಗಾಡುತ್ತಿರುತ್ತದೆ. ಏರಿನಲ್ಲಿ ಒಂದು ಬದಿಗೆ, ಇಳಿಜಾರಿನಲ್ಲಿ ಇನ್ನೊಂದು ಬದಿಗೆ ಸರಿಯುತ್ತದೆ. ಆದ್ದರಿಂದ ದೀಪ ಪ್ರತಿ ಸಲವೂ ಒಂದೇ ಮಟ್ಟದಲ್ಲಿ ಹತ್ತುವುದಿಲ್ಲ. ಒಂದು ಲೀಟರಿನಷ್ಟು ಹೆಚ್ಚುಕಡಿಮೆಯಾಗುವುದು ದೊಡ್ಡ ಮಾತಲ್ಲ.

ಈ ಒಂದು ಲೀಟರ್ ಏನು ಮಾಡುತ್ತದೆ ನೋಡಿ. ನಿಮ್ಮ ಕಾರು ನಿಜವಾಗಿ ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. 75 ಕಿ.ಮೀ. ಓಡಲು 5 ಲೀಟರ್ ಬೇಕು. ಅಳತೆಯಲ್ಲಿ ಒಂದು ಲೀಟರ್ ತಪ್ಪಿದರೆ ಉತ್ತರ 12.5 ಆಗಬಹುದು, ಇಲ್ಲವೇ 18.75 ಆಗಬಹುದು. ಅದೇ 375 ಕಿ.ಮೀ. ಓಡಿಸಿ 25 ಲೀಟರ್ ತುಂಬಿಸುವಾಗ ಒಂದು ಲೀಟರ್ ತಪ್ಪಿದರೂ ಉತ್ತರ 14.4 ಮತ್ತು 15.6ರ ನಡುವೆಯೇ ಇರುತ್ತದೆ. ಹೆಚ್ಚು ದೂರ ಓಡಿಸಿದಷ್ಟೂ ತಪ್ಪು ಚಿಕ್ಕದಾಗುತ್ತದೆ. ಇಡೀ ವಿಷಯದ ಗುಟ್ಟು ಇಷ್ಟೇ.

ಟ್ಯಾಂಕ್‌ನಿಂದ ಟ್ಯಾಂಕ್‌ಗೆ

1. ಬಂಕ್‌ನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ಪಂಪ್ ತಾನಾಗಿಯೇ ಮೊದಲ ಬಾರಿ 'ಟಕ್' ಎಂದು ನಿಂತಾಗ ಸಾಕು ಎನ್ನಿ. ಸರಿಮೊತ್ತ ಮಾಡಲೆಂದು ಮೇಲಿಂದ ಸುರಿಸಬೇಡಿ. ಲೆಕ್ಕವೂ ಕೆಡುತ್ತದೆ, ಟ್ಯಾಂಕಿನ ಆವಿ ಹಿಡಿಯುವ ವ್ಯವಸ್ಥೆಗೂ ಹಾನಿ.

2. ಓಡೋಮೀಟರ್‌ನಲ್ಲಿರುವ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ. ಈ ಸಲದ ಪೆಟ್ರೋಲ್ ಎಷ್ಟೆಂಬುದು ಲೆಕ್ಕಕ್ಕೆ ಬೇಡ, ಇದು ಆರಂಭ ಮಾತ್ರ.

3. ಎಂದಿನಂತೆ ಕಾರು ಬಳಸಿ. ಪರೀಕ್ಷೆಯೆಂದು ವಿಶೇಷವಾಗಿ ನಿಧಾನ ಓಡಿಸಬೇಡಿ. ಕನಿಷ್ಠ ಮುನ್ನೂರೈವತ್ತು, ನಾನೂರು ಕಿ.ಮೀ. ಆಗಲಿ. ನಡುವೆ ಪೆಟ್ರೋಲ್ ಹಾಕಿಸಬೇಕಾಗಿ ಬಂದರೆ ಆ ಲೀಟರನ್ನೂ ಬರೆದಿಡಿ.

4. ಅದೇ ಬಂಕ್‌ಗೆ ಹೋಗಿ, ಸಾಧ್ಯವಾದರೆ ಅದೇ ಪಂಪ್‌ನಲ್ಲಿ, ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೆ ಮೊದಲ 'ಟಕ್'ವರೆಗೆ ತುಂಬಿಸಿ. ರೂಪಾಯಿ ಅಲ್ಲ, ಲೀಟರ್ ಬರೆಯಿರಿ. ರಶೀದಿ ಕೇಳಿ ಪಡೆಯಿರಿ.

5. ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿ.

ಮೂರು ಉತ್ತರಗಳನ್ನು ಕೂಡಿಸಿ ಮೂರರಿಂದ ಭಾಗಿಸುವ ತಪ್ಪನ್ನು ಹಲವರು ಮಾಡುತ್ತಾರೆ. 200 ಕಿ.ಮೀ. ಪೇಟೆಯಲ್ಲಿ ಲೀಟರಿಗೆ 10ರಂತೆ, ಇನ್ನು 200 ಕಿ.ಮೀ. ಹೆದ್ದಾರಿಯಲ್ಲಿ 20ರಂತೆ ಓಡಿದರೆ ಸರಾಸರಿ 15 ಎಂದು ತೋರುತ್ತದೆ. ಆದರೆ ಖರ್ಚಾದದ್ದು 20 ಮತ್ತು 10, ಒಟ್ಟು 30 ಲೀಟರ್. 400 ಕಿ.ಮೀ.ಗೆ 30 ಲೀಟರ್ ಎಂದರೆ 13.3 ಮಾತ್ರ. ಆದ್ದರಿಂದ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದಲೇ ಭಾಗಿಸಬೇಕು.

ಮೀಟರ್ ಸರಿಯಿದೆಯೇ?

ಹಳೆಯ ಕಾರುಗಳಲ್ಲಿ ಮೀಟರ್ ಹಿಂದಕ್ಕೆ ತಿರುಗಿಸಿರುತ್ತಾರೆಂಬ ಭಯ ಎಲ್ಲರಿಗೂ ಇದೆ. ಕೊಳ್ಳುವಾಗ ಸರ್ವಿಸ್ ದಾಖಲೆ ನೋಡಲೇಬೇಕು. ಆದರೆ ಮೈಲೇಜ್ ಲೆಕ್ಕಕ್ಕೆ ಅದರಿಂದ ತೊಂದರೆಯಿಲ್ಲ. ನಮಗೆ ಬೇಕಾದುದು ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಮಾತ್ರ.

ಹಿಂದಿನ ಮಾಲಕರು ಅಳತೆ ಬೇರೆಯಾದ ಟೈರ್ ಹಾಕಿಸಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ದೊಡ್ಡ ಟೈರಾದರೆ ಮೀಟರ್ ನಿಜಕ್ಕಿಂತ ಕಡಿಮೆ, ಚಿಕ್ಕದಾದರೆ ಹೆಚ್ಚು ತೋರಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಯೋ, ಪಕ್ಕದಲ್ಲಿ ಕುಳಿತವರು ಮೊಬೈಲಿನ ಜಿಪಿಎಸ್‌ನಲ್ಲಿಯೋ ಇಪ್ಪತ್ತು ಕಿ.ಮೀ. ದೂರವನ್ನು ಹೋಲಿಸಿ ನೋಡಬಹುದು.

ಬಂಕ್ ಮೇಲೆ ಸಂಶಯವಿದ್ದರೆ ಕೇಳಲು ಹಿಂಜರಿಯಬೇಡಿ. ಪ್ರತಿ ಬಂಕ್‌ನಲ್ಲೂ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರಿನಷ್ಟು ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಇನ್ನು, ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆಂಬ ಮಾತಿನಲ್ಲಿ ಹುರುಳು ಕಡಿಮೆ. ಪೆಟ್ರೋಲ್ ನೆಲದಡಿಯ ಟ್ಯಾಂಕಿನಲ್ಲಿರುವುದರಿಂದ ಅದರ ಬಿಸಿ ದಿನದಲ್ಲಿ ಹೆಚ್ಚು ಬದಲಾಗುವುದಿಲ್ಲ.

ಕಂಪೆನಿಯ ಸಂಖ್ಯೆ ಮತ್ತು ಎಥನಾಲ್

ಕಂಪೆನಿ ಜಾಹೀರಾತಿನ ಮೈಲೇಜ್ ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯದ್ದಲ್ಲ. ಪ್ರಯೋಗಾಲಯದಲ್ಲಿ ರೋಲರ್ ಮೇಲೆ, ನಿಗದಿತ ವೇಗದಲ್ಲಿ ಓಡಿಸಿ ತೆಗೆದ ಸಂಖ್ಯೆ ಅದು. ಅಲ್ಲಿ ಹಂಪನಕಟ್ಟೆಯ ವಾಹನ ದಟ್ಟಣೆ ಇಲ್ಲ, ಮಳೆಗಾಲದ ಹೊಂಡಗಳೂ ಇಲ್ಲ.

ಇನ್ನೊಂದು ಕಾರಣ ಪೆಟ್ರೋಲಿನೊಳಗೇ ಇದೆ. ಈಗ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಸುಮಾರು ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ಎಥನಾಲ್ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಶಕ್ತಿಯನ್ನು ಮಾತ್ರ ಕೊಡುತ್ತದೆ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ತಯಾರಾಗಿ, ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇಕಡಾ 20ರ ಮಿಶ್ರಣದಿಂದ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ಕಾರಿನ ಹಿಂದಿನ ಮಾಲಕರು ಐದಾರು ವರ್ಷದ ಹಿಂದೆ ಪಡೆದ ಮೈಲೇಜ್ ಇಂದು ನಮಗೆ ಸಿಗದಿದ್ದರೆ ಕಾರು ಕೆಟ್ಟಿದೆಯೆಂದೇ ಅರ್ಥವಲ್ಲ.

ಪುಸ್ತಕ ಹೇಳಿದ್ದು

ಮೈದುನನನ್ನು ಹೇಗೋ ಒಪ್ಪಿಸಿದೆ. ಎರಡು ತಿಂಗಳು ಇಬ್ಬರೂ ಸೇರಿ ಬರೆದೆವು. ಮೂರು ಟ್ಯಾಂಕ್‌ಗಳಲ್ಲಿ 386, 402, 394 ಕಿ.ಮೀ. ಓಡಿತ್ತು. ತುಂಬಿಸಿದ್ದು 26.1, 27, 27.1 ಲೀಟರ್. ಒಟ್ಟು 1182 ಕಿ.ಮೀ.ಗೆ 80.2 ಲೀಟರ್. ಲೀಟರಿಗೆ 14.7. ಬ್ರೋಕರ್ ಹೇಳಿದ ಹದಿನೆಂಟೂ ಅಲ್ಲ, ನಾನು ಹೆದರಿದ ಹನ್ನೊಂದೂ ಅಲ್ಲ.

ಪುಸ್ತಕ ನೋಡಿದ ಮಾವ ಎರಡು ಪ್ರಶ್ನೆ ಕೇಳಿದರು. ಟೈರಿನ ಗಾಳಿ ನೋಡಿದ್ದೀರಾ? ಇಂಜಿನ್ ಚಾಲೂ ಇಟ್ಟು ಎಲ್ಲಾದರೂ ನಿಲ್ಲಿಸುತ್ತೀರಾ? ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬದಿಯ ಬಾಗಿಲ ಚೌಕಟ್ಟಿನಲ್ಲಿ ಬರೆದಿತ್ತು, ನಾಲ್ಕೂ ಟೈರುಗಳಲ್ಲಿ ಅದಕ್ಕಿಂತ ಕಡಿಮೆಯಿತ್ತು. ಎರಡನೆಯ ಪ್ರಶ್ನೆಗೆ ಮೈದುನ ತಲೆ ತಗ್ಗಿಸಿ, "ಉಮ್ಮಾಗೆ ಸೆಕೆ ತಡೆಯುವುದಿಲ್ಲ. ಸರದಿ ಬರುವವರೆಗೆ ಎಸಿ ಹಾಕಿ ಕಾರಲ್ಲೇ ಕೂರಿಸುತ್ತೇನೆ. ಅರ್ಧ ಗಂಟೆಯಾದರೂ ಆಗುತ್ತದೆ" ಎಂದ. ಎಸಿ ಹಾಕಿ ನಿಂತಲ್ಲೇ ಇದ್ದರೂ ಚಿಕ್ಕ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯಬಹುದು. ಕಿಲೋಮೀಟರ್ ಮಾತ್ರ ಒಂದೂ ಹೆಚ್ಚುವುದಿಲ್ಲ.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಯಾವ ಪೆಟ್ರೋಲಿಗಾಗಿ ಮಗನನ್ನು ಸಂಶಯಿಸಿದ್ದರೋ ಅದರಲ್ಲಿ ಒಂದಷ್ಟು ಅವರ ತಂಪಿಗಾಗಿಯೇ ಉರಿದಿತ್ತು. ಮರುದಿನ ಹೊರಡುವಾಗ ಕೀ ತಾವೇ ತಂದು ಅವನ ಕೈಗಿಟ್ಟು, "ಇನ್ನು ಮರದ ನೆರಳಲ್ಲಿ ನಿಲ್ಲಿಸು, ಕಿಟಕಿ ತೆರೆದರೆ ನನಗೆ ಸಾಕು" ಎಂದರು.

ಗಾಳಿ ತುಂಬಿಸಿ, ಇಂಜಿನ್ ಆರಿಸಿ ಕಾಯುವ ಅಭ್ಯಾಸವಾದ ಮೇಲೆ ಮುಂದಿನ ಎರಡು ಟ್ಯಾಂಕ್‌ಗಳಲ್ಲಿ 807 ಕಿ.ಮೀ.ಗೆ 50 ಲೀಟರ್ ಹಿಡಿಯಿತು. ಲೀಟರಿಗೆ 16.1. ತಿಂಗಳಿಗೆ 600 ಕಿ.ಮೀ. ಓಡುವ ನಮಗೆ ಮೂರು ಲೀಟರಿಗಿಂತಲೂ ಹೆಚ್ಚು ಉಳಿತಾಯ. ನಾವು ಎರಡನ್ನೂ ಒಟ್ಟಿಗೇ ಸರಿಪಡಿಸಿದ್ದರಿಂದ ಯಾವುದರಿಂದ ಎಷ್ಟು ಉಳಿಯಿತೆಂದು ತಿಳಿಯಲಿಲ್ಲ. ನೀವು ಮಾಡುವುದಾದರೆ ಒಂದೊಂದಾಗಿ ಬದಲಿಸಿ ಅಳೆಯಿರಿ. ಎಲ್ಲ ಸರಿಯಿದ್ದೂ ಮೈಲೇಜ್ ಒಮ್ಮೆಲೇ ಇಳಿದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಹಿಡಿದುಕೊಂಡಿರುವ ಬ್ರೇಕ್ ಇವುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.

ಹಾಲಿನ ಲೆಕ್ಕ, ರೇಷನ್ ಲೆಕ್ಕ ಬರೆಯುವ ನಮಗೆ ಇದೇನೂ ಕಷ್ಟದ ಕೆಲಸವಲ್ಲ. ಒಂದು ಸಣ್ಣ ಪುಸ್ತಕ ಮತ್ತು ಪೆನ್ನು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿರಲಿ. ಸರಿಯಾದ ಲೆಕ್ಕ ಹಣವನ್ನಷ್ಟೇ ಉಳಿಸುವುದಿಲ್ಲ, ಕೆಲವೊಮ್ಮೆ ಮನೆಯವರ ಮನಸ್ಸನ್ನೂ ಉಳಿಸುತ್ತದೆ.