ನಿಮಗಿದು ಗೊತ್ತೇ? ಬಿಲ್ ಕೌಂಟರಿನಲ್ಲಿ ಕೇಳುವ ಆ ಹತ್ತು ಅಂಕಿ

ಕೊಂಡವರಿಗೆ ‘ಪಾಯಿಂಟ್’ ಕೊಡುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಸ್ಪೆರಿ ಆ್ಯಂಡ್ ಹಚಿನ್ಸನ್ ಕಂಪನಿ 1896ರಲ್ಲೇ ಹಸಿರು ಸ್ಟಾಂಪುಗಳನ್ನು ಹೊರತಂದಿತ್ತು. ಖರೀದಿಗೆ ತಕ್ಕಷ್ಟು ಸ್ಟಾಂಪು ಸಿಗುತ್ತಿತ್ತು, ಪುಸ್ತಕದ ತುಂಬ ಅಂಟಿಸಿ ಕೊಟ್ಟರೆ ಮನೆಗೆ ಬೇಕಾದ ಸಾಮಾನು ಬರುತ್ತಿತ್ತು. ಆ ಸ್ಟಾಂಪಿಗೆ ಕೊಂಡವರು ಯಾರೆಂದು ಗೊತ್ತಿರಲಿಲ್ಲ. ಅಂಗಡಿಗಳು ಕೊಡುವ ಇಂದಿನ ಪಾಯಿಂಟ್ ಕಾರ್ಡಿಗೆ ಗೊತ್ತು.

ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಸರಣಿ ಟೆಸ್ಕೊ 1995ರಲ್ಲಿ ಕ್ಲಬ್‌ಕಾರ್ಡ್ ತಂದಿತು. ಅದಕ್ಕೂ ಮುಂಚೆ ಕೆಲವು ಮಳಿಗೆಗಳಲ್ಲಿ ನಡೆದ ಪ್ರಯೋಗದ ಅಂಕಿಅಂಶ ಬಿಡಿಸಿದವರು ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ದಂಪತಿ. ಮೂವತ್ತು ವರ್ಷದಲ್ಲಿ ತನಗೆ ತಿಳಿಯದಿದ್ದುದು ಇವರಿಗೆ ಮೂರೇ ತಿಂಗಳಲ್ಲಿ ತಿಳಿದುಬಿಟ್ಟಿದೆ ಎಂದು ಟೆಸ್ಕೊ ಅಧ್ಯಕ್ಷ ಮೆಕ್ಲಾರಿನ್ ಬೆಚ್ಚಿದರಂತೆ.

ಊರಿನ ಕಿರಾಣಿ ಅಂಗಡಿಯವರಿಗೂ ನಮ್ಮ ಮನೆಯ ಉಪ್ಪು-ಬೇಳೆಯ ಲೆಕ್ಕ ಗೊತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಗೊತ್ತಿತ್ತು, ನಿಜ. ಆದರೆ ಆ ಸಾಲದ ಪುಸ್ತಕ ಗಲ್ಲಾಪೆಟ್ಟಿಗೆ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಕಾರ್ಡಿನ ಲೆಕ್ಕದಿಂದ ಹೊರಟ ತಿಳಿವಳಿಕೆಯನ್ನು ಸಾಬೂನು, ಬಿಸ್ಕತ್ತು ತಯಾರಿಸುವ ಕಂಪನಿಗಳು ದುಡ್ಡು ಕೊಟ್ಟು ಕೊಳ್ಳುತ್ತವೆ.

ಮನೆಯವರಿಗೂ ಹೇಳದ ಗುಟ್ಟು ಅಂಗಡಿಗೆ ಗೊತ್ತಾಗುವುದುಂಟೇ? ಉಂಟು. ಅಮೆರಿಕದ ಟಾರ್ಗೆಟ್ ಮಳಿಗೆ ಪ್ರತಿ ಗ್ರಾಹಕರಿಗೂ ಒಂದು ಗುರುತು ಸಂಖ್ಯೆ ಕೊಟ್ಟು, ಅವರ ಕಾರ್ಡು, ಕೂಪನ್ನು, ಇಮೇಲುಗಳನ್ನೆಲ್ಲ ಅದಕ್ಕೆ ಜೋಡಿಸುತ್ತಿತ್ತು. ವಾಸನೆಯಿಲ್ಲದ ಲೋಷನ್, ಕೆಲವು ಬಗೆಯ ಪೋಷಕಾಂಶದ ಮಾತ್ರೆ, ಹತ್ತಿಯುಂಡೆ ಹೀಗೆ ಸುಮಾರು 25 ವಸ್ತುಗಳ ಖರೀದಿ ನೋಡಿ ಯಾರು ಬಸುರಿ, ಹೆರಿಗೆ ಯಾವಾಗ ಎಂದು ಅಂದಾಜು ಮಾಡುತ್ತಿತ್ತು. 2012ರಲ್ಲಿ ಪತ್ರಕರ್ತ ಚಾರ್ಲ್ಸ್ ಡುಹಿಗ್ ಇದನ್ನು ಬಯಲಿಗೆ ತಂದರು. ನನ್ನನ್ನು ಹೆಚ್ಚು ಕಾಡುವುದು ಆ ಲೆಕ್ಕಾಚಾರವಲ್ಲ, ಅದರ ಮುಂದಿನ ಹೆಜ್ಜೆ. ತಮ್ಮ ಗುಟ್ಟು ಅಂಗಡಿಗೆ ಗೊತ್ತಾಗಿದೆ ಎಂದು ಹೆಂಗಸರಿಗೆ ಅನುಮಾನ ಬಾರದಿರಲೆಂದು ಮಗುವಿನ ಡೈಪರಿನ ಜಾಹೀರಾತಿನ ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತನ್ನು ಬೇಕೆಂದೇ ಇಡುತ್ತಿದ್ದರು. ತಿಳಿದುಕೊಂಡದ್ದಲ್ಲದೆ, ತಿಳಿದದ್ದನ್ನು ಮುಚ್ಚಿಟ್ಟರು. ಇದು ಸಲ್ಲದ ಕೆಲಸ.

ಕಾರ್ಡಿನ ದಾಖಲೆ ತಪ್ಪು ದಾರಿಗೂ ಎಳೆಯಬಹುದು. 2004ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಗ್ನಿಶಾಮಕ ಸಿಬ್ಬಂದಿಯೊಬ್ಬರನ್ನು ತಮ್ಮ ಮನೆಗೆ ತಾವೇ ಬೆಂಕಿಯಿಟ್ಟ ಆರೋಪದ ಮೇಲೆ ಬಂಧಿಸಿದರು. ಬೆಂಕಿ ಹೊತ್ತಿಸುವ ಸಾಮಗ್ರಿ ಕೊಂಡ ದಾಖಲೆ ಅವರ ಸೂಪರ್‌ಮಾರ್ಕೆಟ್ ಕಾರ್ಡಿನಲ್ಲಿ ಸಿಕ್ಕಿತ್ತು. ಬೇರೊಬ್ಬರು ತಪ್ಪೊಪ್ಪಿಕೊಂಡ ಮೇಲೆ, ಮರುವರ್ಷ, ಮೊಕದ್ದಮೆ ಕೈಬಿಟ್ಟರು.

ಈ ದಾಖಲೆಯಿಂದ ಒಳ್ಳೆಯದೂ ಆಗಿದೆ. 2009-10ರಲ್ಲಿ ಅಮೆರಿಕದಲ್ಲಿ ಸಾಲ್ಮೊನೆಲ್ಲಾ ಸೋಂಕು ಹಬ್ಬಿದಾಗ ರೋಗಿಗಳ ಅನುಮತಿ ಪಡೆದು ಕಾರ್ಡಿನ ಖರೀದಿ ಪಟ್ಟಿ ತೆರೆದರು, ಮೂಲ ಸಿಕ್ಕಿತು. ಬ್ರಿಟನ್ನಿನಲ್ಲಿ 273 ಮಹಿಳೆಯರು ಒಪ್ಪಿಕೊಟ್ಟ ಕಾರ್ಡ್ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಅಂಡಾಶಯದ ಕ್ಯಾನ್ಸರ್ ಪತ್ತೆಯಾಗುವ ಸುಮಾರು ಎಂಟು ತಿಂಗಳು ಮೊದಲಿನಿಂದಲೇ ನೋವಿನ ಮಾತ್ರೆ, ಅಜೀರ್ಣದ ಔಷಧಿಗಳ ಖರೀದಿ ಏರಿತ್ತು. ಎರಡೂ ಕಡೆ ಕೇಳಿದರು, ಜನ ಒಪ್ಪಿದರು. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

‘ಹೆಸರು ತೆಗೆದುಬಿಟ್ಟಿದ್ದೇವೆ, ಚಿಂತೆ ಬೇಡ’ ಎನ್ನುವ ಭರವಸೆ ಎಷ್ಟು ಗಟ್ಟಿ? 11 ಲಕ್ಷ ಜನರ ಮೂರು ತಿಂಗಳ ಕ್ರೆಡಿಟ್ ಕಾರ್ಡ್ ದಾಖಲೆಯನ್ನು ಸಂಶೋಧಕರು ಪರೀಕ್ಷಿಸಿ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಯಾವ ದಿನ, ಯಾವ ಅಂಗಡಿ ಎಂಬ ನಾಲ್ಕೇ ಸುಳಿವು ಸಾಕು, ನೂರರಲ್ಲಿ 90 ಮಂದಿಯನ್ನು ಬೇರೆಯಾಗಿ ಗುರುತಿಸಬಹುದು.

ಕಾರ್ಡು ಬಿಸಾಡಿದರೆ ಮುಗಿಯಿತೇ? ಇಲ್ಲ. ವರ್ಷಗಟ್ಟಲೆ ಅಂಗಡಿ ಕಡೆ ತಲೆಹಾಕದ 2.8 ಕೋಟಿಗೂ ಹೆಚ್ಚು ಕಾರ್ಡುದಾರರ ಮಾಹಿತಿಯನ್ನು ಫ್ರಾನ್ಸಿನ ಕಾರ್‌ಫೂರ್ ಇಟ್ಟುಕೊಂಡೇ ಇತ್ತು. ಇದೂ ಸೇರಿ ಹಲವು ತಪ್ಪುಗಳಿಗಾಗಿ ಅಲ್ಲಿನ ನಿಯಂತ್ರಕರು 2020ರಲ್ಲಿ 22.5 ಲಕ್ಷ ಯೂರೊ ದಂಡ ಹಾಕಿದರು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂದದ್ದು 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಆಧಾರ್ ಕುರಿತದ್ದು, ಆದರೆ ಫಲ ನಮಗೆಲ್ಲರಿಗೂ ಸಿಕ್ಕಿದೆ. ಈ ಹೆಸರು ಕನ್ನಡದ ಮಕ್ಕಳಿಗೆ ಗೊತ್ತಿರಬೇಕು.

ಕೌಂಟರಿನಲ್ಲಿ ಕಾರ್ಡಿನ ಬದಲು ಕೇಳುವ ಆ ಹತ್ತು ಅಂಕಿಯ ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎಂದು ಅಂಗಡಿಯವರು ಹೇಳಬಹುದೇ? ಹೇಳುವಂತಿಲ್ಲ. ಹೀಗೆ ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ‘ನಂಬರ್ ಬೇಡ, ಹಾಗೇ ಬಿಲ್ ಮಾಡಿ’ ಎಂದರೆ ಸಾಕು. ಕೌಂಟರಿನಲ್ಲಿ ಕೂತ ಹುಡುಗ ಹುಡುಗಿಯರ ಮೇಲೆ ದಯವಿಟ್ಟು ರೇಗಬೇಡಿ, ಕೇಳಬೇಕೆಂಬುದು ಅವರು ಮಾಡಿದ ನಿಯಮವಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲು ಸಾಧ್ಯವಿರಬೇಕು. ಹದಿನೆಂಟು ತುಂಬದವರ ಚಲನವಲನವನ್ನು ಹಿಂಬಾಲಿಸಿ ಜಾಹೀರಾತು ಗುರಿಯಿಡುವಂತಿಲ್ಲ. ಮಾಹಿತಿ ಸೋರದಂತೆ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು, ಅಂದರೆ ಕನ್ನಡದಲ್ಲೂ ಸಿಗಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಒಪ್ಪಿಗೆ ಕುರಿತ ಭಾಗ ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ.